ಸಂತ ಫಿಲೋಮಿನಾ ಅವಶೇಷ: ಐತಿಹ್ಯ ಮತ್ತು ಆಧಾರಗಳ ಒಂದು ವಿಮರ್ಶೆ

ಮೈಸೂರು ನಗರದ ಅಶೋಕರಸ್ತೆಯಲ್ಲಿ, ಲಷ್ಕರ್ ಮೊಹಲ್ಲಾದ ಮನೆಗಳ ಮೇಲೆ 175 ಅಡಿಗಳ ಅವಳಿ ಶಿಖರಗಳನ್ನೆತ್ತಿ ನಿಂತಿರುವ ಸಂತ ಫಿಲೋಮಿನಾ ದೇವಾಲಯವನ್ನು ಅರಿಯದ ಮೈಸೂರಿಗರಿಲ್ಲ. ಅದರ ಗಾಥಿಕ್ ಶೈಲಿಯನ್ನೂ, ಜರ್ಮನಿಯ ಕಲೋನ್ ನಗರದ ಮಹಾದೇವಾಲಯಕ್ಕೂ ಇದಕ್ಕೂ ಇರುವ ಹೋಲಿಕೆಯನ್ನೂ ಪ್ರವಾಸಿಗರ ಕೈಪಿಡಿಗಳು ಬೇಕಾದಷ್ಟು ವರ್ಣಿಸಿವೆ. ಅದನ್ನೇ ಪುನಃ ಹೇಳುವುದು ಈ ಲೇಖನದ ಉದ್ದೇಶವಲ್ಲ. ಮುಖ್ಯ ಬಲಿಪೀಠದ ಕೆಳಗೆ ಒಂದು ನೆಲಮಾಳಿಗೆಯಿದೆ. ಅಲ್ಲಿ ಮಲಗಿದ ಭಂಗಿಯ ಒಂದು ಸ್ತ್ರೀಪ್ರತಿಮೆಯೂ, ಆ ಸಂತಳದೆಂದು ಪೂಜ್ಯವಾಗಿರುವ ಅಸ್ಥಿಯ ಒಂದಂಶವೂ ಇವೆ. ಮೇಲಿನ ಅಷ್ಟು ಕಲ್ಲುಕಟ್ಟಡವೂ ಈ ಸಣ್ಣ ಅಸ್ಥಿಖಂಡಕ್ಕಾಗಿ ಎದ್ದುದು. ಅದರ ವಿಷಯದಲ್ಲಿ ಪ್ರಚಾರದಲ್ಲಿರತಕ್ಕ ಕಥೆಯನ್ನು ಲಭ್ಯವಿರುವ ಆಧಾರಗಳೊಡನೆ ಇಟ್ಟು ನೋಡಬೇಕೆಂಬುದು ನಮ್ಮ ಬಹುದಿನದ ಅಪೇಕ್ಷೆ.

ಅದಕ್ಕೆ ನಿಮಿತ್ತವಾದದ್ದು ಒಂದು ಪ್ರಶ್ನೆ. ನಗರದ ಚಾರಿತ್ರಿಕ ಕಟ್ಟಡಗಳನ್ನು ತೋರಿಸಲೆಂದು ಪದವಿ ತರಗತಿಯ ವಿದ್ಯಾರ್ಥಿಗಳನ್ನು ನಾವು ಅಲ್ಲಿಗೆ ಕರೆದೊಯ್ದಿದ್ದಾಗ, ನೆಲಮಾಳಿಗೆಯಲ್ಲಿ ಒಬ್ಬ ವಿದ್ಯಾರ್ಥಿನಿ ತಗ್ಗಿದ ಧ್ವನಿಯಲ್ಲಿ ಕೇಳಿದಳು: "ಈ ಮೂಳೆ ಆಕೆಯದೇ ಅಂತ ಹೇಗೆ ಗೊತ್ತು ಸಾರ್? ಅಲ್ಲದಿದ್ದರೆ ಇವರೆಲ್ಲ ಯಾರಿಗೆ ಕೈಮುಗೀತಿದ್ದಾರೆ?" ನಾವು ಏನೋ ಹೇಳಿ ಮುಂದೆ ನಡೆದೆವು. ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಾವೂ ಕಥೋಲಿಕ ಮನೆತನದಲ್ಲಿ ಹುಟ್ಟಿದವರು. ನಮ್ಮ ಅಜ್ಜಿಯವರ ಹೆಸರೇ ಫಿಲೋಮಿನಮ್ಮ. ಅವರ ಕೊರಳಲ್ಲಿ ಈ ಸಂತಳ ಪದಕ ಕೊನೆಯ ದಿನದವರೆಗೂ ಇತ್ತು. ಹೀಗಿರುವಲ್ಲಿ ಪರಕೀಯರ ಉದಾಸೀನದಿಂದ ಈ ವಿಷಯವನ್ನು ವಿಚಾರಿಸುವ ಸೌಲಭ್ಯ ನಮಗಿಲ್ಲ. ಭಕ್ತರ ಸಲುಗೆಯಿಂದ ಅದನ್ನು ತಪ್ಪಿಸಿಕೊಂಡರೆ ಇತಿಹಾಸವನ್ನು ಬೋಧಿಸುವ ವೃತ್ತಿಗೆ ಒಪ್ಪುವುದಿಲ್ಲ.

ಪುಸ್ತಿಕೆಗಳಲ್ಲಿ ಬರುವ ಚರಿತ್ರೆ ಸಂಕ್ಷೇಪವಾಗಿ ಹೀಗಿದೆ. ಫಿಲೋಮಿನಾ ಗ್ರೀಸ್ ದೇಶದ ಒಬ್ಬ ಅರಸನ ಮಗಳು. ಹದಿಮೂರನೆಯ ವಯಸ್ಸಿನಲ್ಲಿ ತಂದೆತಾಯಿಗಳೊಡನೆ ರೋಮಿಗೆ ಬಂದಳು. ಚಕ್ರವರ್ತಿ ಡಯೋಕ್ಲೀಷಿಯನ್ ಆಕೆಯನ್ನು ಮದುವೆಯಾಗಲು ಬಯಸಿದ. ಕನ್ಯಾವ್ರತವನ್ನು ಕೈಕೊಂಡಿದ್ದ ಆಕೆ ಒಪ್ಪಲಿಲ್ಲ. ಕೊರಡೆಯಿಂದ ಹೊಡೆಸಿದರು, ಕೊರಳಿಗೆ ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರು, ಬಾಣಗಳಿಂದ ಎಯ್ದರು. ದೇವದೂತರು ಒಂದೊಂದರಿಂದಲೂ ಆಕೆಯನ್ನು ಕಾಪಾಡಿದರು. ಕಟ್ಟಕಡೆಗೆ ಶಿರಚ್ಛೇದವಾಯಿತು. ಮೈಸೂರಿನ ಮಕ್ಕಳು ಅಜ್ಜಿಯರ ಮಡಿಲಲ್ಲಿ ಕೇಳಿ ಬೆಳೆದ ಕಥೆ ಇದು. ಸೊಗಸಾದ ಕಥೆಯೆಂಬುದರಲ್ಲಿ ಸಂದೇಹವಿಲ್ಲ.

ಇದರಲ್ಲಿ ಮೂರು ಕಾಲಗಳ, ಮೂರು ಜಾತಿಯ ಸಾಮಗ್ರಿ ಒಂದೇ ಎಳೆಯಲ್ಲಿ ಹೊಸೆದುಕೊಂಡಿದೆ. ಒಂದು, ರೋಮಿನ ನೆಲದಡಿಯ ಒಂದು ಸಮಾಧಿ ಮತ್ತು ಅದರೊಳಗಿದ್ದ ಅಸ್ಥಿ. ಎರಡು, ಆ ಸಮಾಧಿಯನ್ನು ಮುಚ್ಚಿದ್ದ ಹೆಂಚುಗಳ ಮೇಲಿನ ಬರಹ. ಮೂರು, ಹತ್ತೊಂಬತ್ತನೆಯ ಶತಮಾನದ ಒಬ್ಬ ಸಂನ್ಯಾಸಿನಿಗೆ ಆಯಿತೆಂದು ಹೇಳುವ ದರ್ಶನ. ಇವುಗಳನ್ನು ಬಿಡಿಸಿ ನೋಡದೆ ವಿಮರ್ಶೆ ಸಾಧ್ಯವಿಲ್ಲ.

1802ನೆಯ ಇಸವಿ ಮೇ 24ರಂದು, ರೋಮ್ ನಗರದ ಹೊರಗೆ ಸಲಾರಿಯ ಹೆದ್ದಾರಿಯ ಪಕ್ಕದಲ್ಲಿರುವ ಪ್ರಿಸಿಲ್ಲಾ ಸಮಾಧಿಸುರಂಗದಲ್ಲಿ ಅಗೆಯುತ್ತಿದ್ದವರಿಗೆ ಮುಚ್ಚಿದ ಒಂದು ಗೋಡೆಗೂಡು ಕಂಡಿತು. ಈ ಸುರಂಗಗಳು ಮೆದುವಾದ ಕಲ್ಲನ್ನು ಕೊರೆದು ಮಾಡಿದಂಥವು. ಗೋಡೆಯಲ್ಲಿ ಅಡ್ಡಗೂಡುಗಳನ್ನು ಕಡಿದು, ಶವವನ್ನು ಒಳಗಿಟ್ಟು, ಹೆಂಚಿನಿಂದಲೋ ಅಮೃತಶಿಲೆಯ ಹಲಗೆಯಿಂದಲೋ ಬಾಯಿ ಮುಚ್ಚಿ ಗಾರೆ ಬಳಿಯುವುದು ಅಲ್ಲಿಯ ರೂಢಿ. ಈ ಗೂಡನ್ನು ಮೂರು ಸುಟ್ಟ ಹೆಂಚುಗಳು ಮುಚ್ಚಿದ್ದುವು. ಅವುಗಳ ಮೇಲೆ ಕೆಂಪು ಬಣ್ಣದಲ್ಲಿ ಲಂಗರು, ಬಾಣ, ಗರಿ ಮೊದಲಾದ ಚಿಹ್ನೆಗಳು, ನಡುನಡುವೆ ಅಕ್ಷರಗಳು. ಎಡದಿಂದ ಓದಿದರೆ ಮೊದಲ ಹೆಂಚಿನಲ್ಲಿ "ಲುಮೇನಾ", ಎರಡನೆಯದರಲ್ಲಿ "ಪಾಕ್ಸ್ ತೇ", ಮೂರನೆಯದರಲ್ಲಿ "ಕುಂ ಫಿ". ಹಾಗೆಯೇ ಓದಿದರೆ ಅರ್ಥವಿಲ್ಲ. ಮೊದಲ ಹೆಂಚನ್ನು ಕೊನೆಗೆ ಸರಿಸಿದರೆ "ಪಾಕ್ಸ್ ತೇಕುಂ ಫಿಲುಮೇನಾ" ಎಂದಾಗುತ್ತದೆ. ಎಂದರೆ, ಫಿಲುಮೇನಾ, ನಿನಗೆ ಶಾಂತಿ. ಮರುದಿನ ಗೂಡನ್ನು ತೆರೆದಾಗ ಹದಿಹರೆಯಕ್ಕೆ ಕಾಲಿಡುತ್ತಿದ್ದ ಹುಡುಗಿಯದೆಂದು ಆಗಿನವರು ನಿರ್ಣಯಿಸಿದ ಅಸ್ಥಿಗಳು ದೊರೆತುವು. ಹತ್ತಿರದಲ್ಲಿ ಒಂದು ಗಾಜಿನ ಸೀಸೆಯ ಚೂರುಗಳಿದ್ದುವು. ಅದರ ತಳದಲ್ಲಿ ಏನೋ ಒಣಗಿ ಅಂಟಿತ್ತು.

ಪ್ರತ್ಯಕ್ಷವಾಗಿ ದೊರೆತದ್ದು ಇಷ್ಟೇ. ಈ ಸಾಮಗ್ರಿಯಲ್ಲಿ ಅರಸನ ಮಗಳಿಲ್ಲ, ಚಕ್ರವರ್ತಿಯಿಲ್ಲ, ಟೈಬರ್ ನದಿಯಿಲ್ಲ. ಆಕೆ ರಕ್ತಸಾಕ್ಷಿಯಾಗಿ ಸತ್ತಳೆಂಬ ಮಾತು ಕೂಡ ಹೆಂಚಿನ ಮೇಲಿಲ್ಲ. ಅದನ್ನು ಊಹಿಸಿದ್ದು ಗರಿಯ ಚಿಹ್ನೆಯಿಂದ ಮತ್ತು ಸೀಸೆಯಿಂದ. ಇಂತಹ ಸೀಸೆಗಳಲ್ಲಿರುವುದು ರಕ್ತ, ಅದು ರಕ್ತಸಾಕ್ಷಿಯ ಗುರುತು ಎಂದು 1668ರಲ್ಲಿ ರೋಮಿನ ಧರ್ಮಾಧಿಕಾರವೇ ಅಂಗೀಕರಿಸಿದ್ದುದರಿಂದ, 1802ರವರ ಊಹೆಯನ್ನು ನಾವು ಹಳಿಯಲಾಗದು. ಆದರೆ ಇಂಥ ಸೀಸೆಗಳು ಮಕ್ಕಳ, ಮುದುಕರ, ಹಿಂಸೆಯ ಕಾಲ ಕಳೆದ ಮೇಲೆ ಸತ್ತವರ ಗೂಡುಗಳಲ್ಲಿಯೂ ದೊರೆಯುತ್ತವೆ. ಅವು ಬಹುಮಟ್ಟಿಗೆ ಸುಗಂಧತೈಲದ ಪಾತ್ರೆಗಳೆಂಬುದು ಆಮೇಲಿನ ವಿದ್ವಾಂಸರ ಮತ. ಲಂಗರಿನ ಚಿಹ್ನೆ ಆ ಕಾಲದ ಕ್ರೈಸ್ತ ಸಮಾಧಿಗಳಲ್ಲಿ ಸರ್ವಸಾಮಾನ್ಯ. ಅದು ಭರವಸೆಯ ಸಂಕೇತ. ಅದನ್ನು ಹಿಂಸೆಯ ಸಾಧನವೆಂದು ಓದಿದ್ದರಿಂದ ನದಿಗೆಸೆದ ಪ್ರಸಂಗ ಹುಟ್ಟಿತು. ಚಿತ್ರದಿಂದ ಚರಿತ್ರೆ ಹುಟ್ಟುವ ಈ ಕ್ರಮ ನಮ್ಮ ದೇಶದ ಸ್ಥಳಪುರಾಣಗಳನ್ನು ಓದಿದವರಿಗೆ ಹೊಸದಲ್ಲ.

ಹೆಸರಿನ ವಿಷಯವೂ ವಿಚಾರಣೀಯ. "ಬೆಳಕಿನ ಮಗಳು" ಎಂಬರ್ಥದ ಲ್ಯಾಟಿನ್ ಪದಗಳಿಂದ ಈ ಹೆಸರು ಬಂದಿತೆಂದು ಪುಸ್ತಿಕೆಗಳು ಹೇಳುತ್ತವೆ. ಇದು ಕಿವಿಗೆ ಇಂಪಾದ ವ್ಯುತ್ಪತ್ತಿ. ಭಾಷಾಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಮೂಲ ಗ್ರೀಕ್ ಪದಕ್ಕೆ "ಪ್ರೀತಿಗೆ ಪಾತ್ರಳಾದವಳು" ಎಂದರ್ಥ. ಆಗ ಇನ್ನೊಂದು ಸಾಧ್ಯತೆಯೂ ತಲೆದೋರುತ್ತದೆ. ಹೆಂಚಿನ ಮೇಲಿರುವುದು ಅಂಕಿತನಾಮವೇ ಆಗಿರಬೇಕೆಂದಿಲ್ಲ. "ಪ್ರೀತಿಯವಳೆ, ನಿನಗೆ ಶಾಂತಿ" ಎಂದು ಯಾರೋ ತಮ್ಮವಳಿಗೆ ಹೇಳಿದ ಮಾತೂ ಆಗಿರಬಹುದು.

ಅಸ್ಥಿಗಳು ಮೂರು ವರ್ಷ ರೋಮಿನ ಉಗ್ರಾಣದಲ್ಲಿದ್ದು, 1805ರಲ್ಲಿ ಫ್ರಾಂಚೆಸ್ಕೊ ದ ಲೂಚಿಯ ಎಂಬ ಪಾದ್ರಿಗಳ ಪ್ರಯತ್ನದಿಂದ ನೇಪಲ್ಸಿನ ಬಳಿಯ ಮುನ್ಯಾನೊ ಎಂಬ ಸಣ್ಣ ಊರಿಗೆ ಬಂದುವು. ಅಲ್ಲಿ ರೋಗಗಳು ವಾಸಿಯಾದುವೆಂಬ ಸುದ್ದಿ ಹಬ್ಬಿತು. ಅರಸುಮಗಳ ಕಥೆ ಹೊರಬಿದ್ದದ್ದು 1833ರಲ್ಲಿ, ನೇಪಲ್ಸಿನ ಮರಿಯ ಲೂಯಿಸ ಎಂಬ ಸಂನ್ಯಾಸಿನಿಯ ದರ್ಶನದ ಮೂಲಕ. ಸಂತಳೇ ತನ್ನ ಚರಿತ್ರೆಯನ್ನು ನುಡಿದಳೆಂದು ಆಕೆ ಹೇಳಿದಳು. ಆ ಸಾಧ್ವಿಯ ಪ್ರಾಮಾಣಿಕತೆಯನ್ನು ಶಂಕಿಸಲು ನಮಗೆ ಕಾರಣವಿಲ್ಲ. ಆದರೆ ಖಾಸಗಿ ದರ್ಶನವನ್ನು ನಂಬಲೇಬೇಕೆಂದು ಕಥೋಲಿಕ ಧರ್ಮಸಭೆ ಯಾರನ್ನೂ ಬಲವಂತಪಡಿಸುವುದಿಲ್ಲ. ಇತಿಹಾಸಕಾರನಂತೂ ಅದನ್ನು 1833ರ ದಾಖಲೆಯಾಗಿ ಓದಬಲ್ಲನೇ ಹೊರತು ನಾಲ್ಕನೆಯ ಶತಮಾನದ ದಾಖಲೆಯಾಗಿ ಅಲ್ಲ. ನಮ್ಮ ಪುಸ್ತಿಕೆಗಳ ದೊಡ್ಡ ದೋಷ ಇಲ್ಲಿದೆ. ಅವು 1802ರ ಶೋಧನೆಯನ್ನೂ 1833ರ ದರ್ಶನವನ್ನೂ ಒಂದೇ ಉಸಿರಿನಲ್ಲಿ, ಒಂದೇ ಖಚಿತತೆಯಿಂದ ಹೇಳುತ್ತವೆ.

ಭಕ್ತಿ ಫ್ರಾನ್ಸಿಗೆ ಹಬ್ಬಿದ ಬಗೆ ಮೈಸೂರಿನ ಇತಿಹಾಸಕ್ಕೂ ಸಂಬಂಧಪಟ್ಟದ್ದು. ಲಿಯೋನ್ ನಗರದ ಪೊಲೀನ್ ಜಾರಿಕೊ ಎಂಬಾಕೆ 1835ರ ಆಗಸ್ಟ್ 10ರಂದು ಮುನ್ಯಾನೊದಲ್ಲಿ ಹೃದಯದ ಕಾಯಿಲೆಯಿಂದ ಗುಣಹೊಂದಿದಳು. ಎರಡು ವರ್ಷದೊಳಗೆ, 1837ರಲ್ಲಿ, ಹದಿನಾರನೆಯ ಗ್ರೆಗರಿ ಜಗದ್ಗುರುಗಳು ಸಂತಳ ಹಬ್ಬಕ್ಕೆ ಅನುಮತಿಯಿತ್ತರು. ಆರ್ಸ್ ಗ್ರಾಮದ ಪಾದ್ರಿ ಜಾನ್ ವಿಯಾನಿ ತಮ್ಮಿಂದ ಆಯಿತೆಂದು ಜನ ಹೇಳುತ್ತಿದ್ದ ಪವಾಡಗಳನ್ನೆಲ್ಲ ಈ ಸಂತಳ ಲೆಕ್ಕಕ್ಕೆ ಸೇರಿಸುತ್ತಿದ್ದರು. ಇದೇ ಜಾರಿಕೊ 1822ರಲ್ಲಿ ಸ್ಥಾಪಿಸಿದ್ದ ಧರ್ಮಪ್ರಸಾರ ಸಂಘದ ಹಣ, ವಾರಕ್ಕೊಂದು ಕಾಸಿನಂತೆ ಕೂಲಿಗಳಿಂದಲೂ ದಾಸಿಯರಿಂದಲೂ ಕೂಡಿಸಿದ್ದು, ಪ್ಯಾರಿಸಿನ ವಿದೇಶಪ್ರಚಾರ ಸಂಘದ ಪಾದ್ರಿಗಳಿಗೂ ನೆರವಾಗುತ್ತಿತ್ತು. ಮೈಸೂರು ಸೀಮೆಯಲ್ಲಿ ದುಡಿದವರು ಆ ಸಂಘದವರೇ. ಮೂಳೆ ಬರುವುದಕ್ಕೆ ಎಷ್ಟೋ ಮುಂಚೆ ಹೆಸರು ಅವರ ಮೂಲಕ ನಮ್ಮೂರಿಗೆ ಬಂದಿತ್ತೆಂದು ಊಹಿಸುವುದು ಅಸಂಗತವಾಗದು. (2022ರ ಮೇ ತಿಂಗಳಲ್ಲಿ ಜಾರಿಕೊಗೆ ಧನ್ಯಪದವಿ ದೊರೆತಾಗ ನಮ್ಮ ಪತ್ರಿಕೆಗಳಲ್ಲಿ ಈ ಸಂಬಂಧದ ಪ್ರಸ್ತಾಪವನ್ನು ನಾವು ಕಾಣಲಿಲ್ಲ.)

ಮೈಸೂರಿನಲ್ಲಿ ಇದೇ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಒಂದು ಸಣ್ಣ ದೇವಾಲಯವಿತ್ತು. ಅದರ ಶಾಸನ ಇಂದಿಗೂ ಉಳಿದಿದೆ. ಲೋಕದ ಬೆಳಕಾದ ಯೇಸುಕ್ರಿಸ್ತರು ಮನುಷ್ಯರಾಗಿ ಅವತರಿಸಿ 1843 ವರ್ಷಗಳಾದ ಮೇಲೆ ಈ ದೇವಾಲಯ ಕಟ್ಟಲ್ಪಟ್ಟಿತೆಂಬುದು ಅದರ ತಾತ್ಪರ್ಯ. ದೇವರು ದೇಹ ತಾಳಿದಂದಿನಿಂದ ವರ್ಷವನ್ನು ಎಣಿಸಿದ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ. 1926ರಲ್ಲಿ ಹುಜೂರ್ ಕಾರ್ಯದರ್ಶಿಗಳಾಗಿದ್ದ ತಂಬೂಚೆಟ್ಟಿಯವರು ರೋಮಿನ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಸಂತಳ ಅವಶೇಷವನ್ನು ಪಡೆದು ಕೋಷೆ ಪಾದ್ರಿಗಳಿಗೊಪ್ಪಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಹೊಸ ದೇವಾಲಯಕ್ಕೆ ಅಸ್ತಿಭಾರವಿಟ್ಟರು. ಡೇಲಿ ಎಂಬ ಫ್ರೆಂಚ್ ಶಿಲ್ಪಿ ನಕ್ಷೆ ರಚಿಸಿದರು. ದೇವರ ಕರುಣೆ, ಮನುಷ್ಯರ ಕೃತಜ್ಞತೆ ಎಂಬ ಎರಡು ತಳಹದಿಗಳ ಮೇಲೆ ಈ ಕಟ್ಟಡ ನಿಲ್ಲುವುದೆಂದು ಮಹಾರಾಜರು ಅಂದು ಆಡಿದರು. ಮೂಳೆಯ ಪ್ರಾಮಾಣ್ಯವನ್ನು ಅವರು ತಳಹದಿಗಳಲ್ಲಿ ಎಣಿಸಲಿಲ್ಲವೆಂಬುದನ್ನು ಈಗ ಓದಿದಾಗ ಮುಗುಳ್ನಗೆ ಬರುತ್ತದೆ.

ಏಕೆಂದರೆ ಆ ಪ್ರಾಮಾಣ್ಯ ಅಷ್ಟರಲ್ಲೇ ಅಲುಗಿತ್ತು. 1904ರಲ್ಲಿ ರೋಮಿನ ಪುರಾತತ್ತ್ವಜ್ಞ ಒರಾಟ್ಸಿಯೊ ಮಾರುಕಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಹೆಂಚುಗಳು ಎರಡನೆಯ ಶತಮಾನದವು. ಅವು ನಿಜವಾಗಿ ಫಿಲುಮೇನಾ ಎಂಬೊಬ್ಬಳ ಗೂಡನ್ನು ಮುಚ್ಚಿದ್ದುವು. ನಾಲ್ಕನೆಯ ಶತಮಾನದಲ್ಲಿ ಅವನ್ನು ಕಿತ್ತು ಬೇರೊಬ್ಬಳ ಗೂಡಿಗೆ ಬಳಸಿದರು. ಹಳೆಯ ಬರಹ ಈ ಶವಕ್ಕೆ ಸಂಬಂಧಿಸಿದ್ದಲ್ಲವೆಂದು ಸೂಚಿಸಲೆಂದೇ ಕ್ರಮ ತಪ್ಪಿಸಿ ಜೋಡಿಸಿದರು. ಇದು ಅವರ ವಾದ. ಅದರಂತೆ ಮುನ್ಯಾನೊದಲ್ಲಿರುವ ಅಸ್ಥಿಯೂ, ಅದರ ಅಂಶವಾದ ಮೈಸೂರಿನ ಅಸ್ಥಿಯೂ ಫಿಲುಮೇನಾಳದಲ್ಲ.

ಮೈಸೂರಿನ ವಿದ್ಯಾರ್ಥಿಗಳಿಗೆ ಈ ವಾದವನ್ನು ತಿಳಿಸುವುದು ಕಷ್ಟವಲ್ಲ. ನಮ್ಮ ನಾಡಿನ ಶಾಸನಗಳನ್ನು ಹುಡುಕಿಕೊಂಡು ಹೊರಟವರಿಗೆ ಹಳೆಯ ದಾನಶಾಸನ ಹೊಸ ಗುಡಿಯ ಮೆಟ್ಟಿಲಾಗಿರುವುದೂ, ವೀರಗಲ್ಲು ತೂಬಿನ ಚಪ್ಪಡಿಯಾಗಿರುವುದೂ ನಿತ್ಯದ ಅನುಭವ. ರೈಸ್ ಸಾಹೇಬರ ಶಾಸನಸಂಪುಟಗಳನ್ನು ಮೇಲೆಮೇಲೆ ತಿರುವಿಹಾಕಿದರೂ ಬೇಕಾದಷ್ಟು ನಿದರ್ಶನ ಸಿಕ್ಕುತ್ತವೆ. ಮೆಟ್ಟಿಲಿನ ಮೇಲಿನ ಅರಸನ ಹೆಸರಿನಿಂದ ಗುಡಿಯ ಕಾಲವನ್ನು ನಿರ್ಣಯಿಸುವುದು ಮೊದಲ ವರ್ಷದ ವಿದ್ಯಾರ್ಥಿಯೂ ಮಾಡಬಾರದ ತಪ್ಪು. ಮಾರುಕಿ ಹೇಳಿದ್ದು ಅಷ್ಟನ್ನೇ. ಆದರೆ ಅವರ ವಾದದ ಕೊನೆಯ ಕೊಂಡಿ ನಮಗೆ ಸಡಿಲವಾಗಿ ತೋರುತ್ತದೆ. ಹೆಂಚುಗಳು ಮರುಬಳಕೆಯಾಗಿರಬಹುದು, ಕ್ರಮ ತಪ್ಪಿದ್ದು ಉದ್ದೇಶಪೂರ್ವಕವೆಂಬುದಕ್ಕೆ ಪ್ರಮಾಣ ಸಾಲದು. ಮಂಕು ದೀಪದ ಬೆಳಕಿನಲ್ಲಿ, ಓದುಬಾರದ ಕೆಲಸಗಾರ ಆತುರದಿಂದ ಹೆಂಚನ್ನು ಹಿಂದುಮುಂದು ಮಾಡಿದ್ದರೂ ಫಲ ಇದೇ ಆಗುತ್ತಿತ್ತು. ಆಗ ಹೆಸರು ಆಕೆಯದೇ ಆಗಿ ಉಳಿಯುತ್ತದೆ. ವಾದ ಪ್ರತಿವಾದಗಳು ನಡೆದಿವೆ, ನಡೆಯಲಿ. ನಮ್ಮ ಅಭಿಪ್ರಾಯದಲ್ಲಿ ಸದ್ಯಕ್ಕೆ ಇಷ್ಟು ಹೇಳಬಹುದು: ಅಸ್ಥಿ ನಿಜ, ಹೆಸರು ಸಂದಿಗ್ಧ, ಚರಿತ್ರೆ ಕಲ್ಪಿತ.

1961ರ ಫೆಬ್ರವರಿ 14ರಂದು ರೋಮಿನ ವಿಧಿಮಂಡಲ ಫಿಲೋಮಿನಾ ಹಬ್ಬವನ್ನು ಎಲ್ಲ ಪಂಚಾಂಗಗಳಿಂದಲೂ ತೆಗೆಯತಕ್ಕದ್ದೆಂದು ನಿರ್ದೇಶಿಸಿತು. "ಸಂತಪದವಿಯಿಂದ ಇಳಿಸಿದರು", "ಆಕೆ ಇರಲೇ ಇಲ್ಲವೆಂದು ಸಾರಿದರು" ಎಂಬ ಮಾತುಗಳು ಅಂದಿನಿಂದಲೂ ಕೇಳಿಬರುತ್ತಿವೆ. ವಿದ್ಯಾವಂತರ ಬಾಯಲ್ಲಿಯೇ ಹೆಚ್ಚು. ಎರಡೂ ತಪ್ಪು. ಸಂತಪದವಿಯ ವಿಧ್ಯುಕ್ತ ವಿಚಾರಣೆ ಆಕೆಗೆ ಎಂದೂ ನಡೆದಿರಲಿಲ್ಲ; ಇದ್ದದ್ದು ಹಬ್ಬದ ಅನುಮತಿ, ಹೋದದ್ದೂ ಅದೇ. ಖಾಸಗಿ ಭಕ್ತಿಯನ್ನು ಯಾರೂ ನಿಷೇಧಿಸಲಿಲ್ಲ. ಮೈಸೂರಿನ ದೇವಾಲಯ ಸಂತ ಜೋಸೆಫರ ಹೆಸರಿನೊಡನೆ ಈ ಹೆಸರನ್ನೂ ಉಳಿಸಿಕೊಂಡಿದೆ. ಇದೇ ಹೆಸರಿನ ಕಾಲೇಜು 1946ರಿಂದ ನಡೆದುಬಂದಿದೆ.

ಇಲ್ಲಿಗೆ ಇತಿಹಾಸಕಾರನ ಕೆಲಸ ಮುಗಿಯಿತೆನ್ನಬಹುದು. ಆದರೆ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯ ಎರಡನೆಯ ಭಾಗ ಉಳಿದೇ ಇದೆ: ಇವರೆಲ್ಲ ಯಾರಿಗೆ ಕೈಮುಗಿಯುತ್ತಿದ್ದಾರೆ? ಇದಕ್ಕೆ ಎರಡು ಸುಲಭವಾದ ಉತ್ತರಗಳುಂಟು. ಭಕ್ತಿ ಮುಖ್ಯ, ಮೂಳೆ ಯಾರದಾದರೇನು ಎಂಬುದೊಂದು. ಮೂಳೆ ಸುಳ್ಳಾದಮೇಲೆ ಭಕ್ತಿಯೂ ಸುಳ್ಳು ಎಂಬುದಿನ್ನೊಂದು. ಮೊದಲನೆಯದು ಔದಾರ್ಯದಂತೆ ಕಂಡರೂ ಕಥೋಲಿಕ ತತ್ತ್ವಕ್ಕೆ ಹೊರತಾದುದು. ದೇವರು ನಿಜವಾದ ಮಾಂಸ ರಕ್ತಗಳನ್ನು ತಾಳಿದನೆಂದು ನಂಬುವ ಮತ, ಈ ಮೂಳೆ ಯಾರದಾದರೇನು ಎಂದು ಹೇಳಲಾರದು. 1843ರ ಶಾಸನ ವರ್ಷವನ್ನು ಎಣಿಸಿದ್ದು ಯಾವುದೋ ತತ್ತ್ವ ಬೆಳಗಿದ ದಿನದಿಂದಲ್ಲ. ಎರಡನೆಯ ಉತ್ತರಕ್ಕೆ ಸ್ವಲ್ಪ ದೀರ್ಘವಾದ ಸಮಾಧಾನ ಬೇಕು.

ಈ ಸಮಾಧಾನ, ವಿಚಿತ್ರವೆಂದರೆ, ಮುನ್ಯಾನೊದ ನೆರೆಯಿಂದಲೇ ಬರುತ್ತದೆ. ಆ ಊರು ನೋಲಾ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಐದನೆಯ ಶತಮಾನದ ಮೊದಲಲ್ಲಿ ನೋಲಾದ ಧರ್ಮಾಧ್ಯಕ್ಷರಾಗಿದ್ದವರು ಪೌಲಿನಸ್. ಅಲ್ಲಿಯ ಸಂತ ಫೆಲಿಕ್ಸರ ಸಮಾಧಿಯ ಮಗ್ಗುಲಲ್ಲಿ ತನ್ನ ಮಗನನ್ನು ಹೂಳಿಸಬೇಕೆಂದು ಒಬ್ಬ ತಾಯಿ ಬೇಡಿದ್ದಳು. ಇದರಿಂದ ಸತ್ತವರಿಗೆ ಪ್ರಯೋಜನವುಂಟೆ ಎಂದು ಪೌಲಿನಸ್ ಆಫ್ರಿಕದ ಅಗಸ್ಟೀನರಿಗೆ ಬರೆದು ಕೇಳಿದರು. ಅಗಸ್ಟೀನರು ಉತ್ತರವಾಗಿ ಒಂದು ಸಣ್ಣ ಗ್ರಂಥವನ್ನೇ ಬರೆದರು. ಅವರ ಉತ್ತರದ ನೇರತನ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸ್ಥಳದಿಂದ ಸತ್ತವನಿಗೆ ಏನೂ ಆಗುವುದಿಲ್ಲ. ಸಮಾಧಿಯೇ ಇಲ್ಲದಿದ್ದರೂ ನಷ್ಟವಿಲ್ಲ; ಲಿಯೋನಿನ ರಕ್ತಸಾಕ್ಷಿಗಳ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದ್ದರು, ಅವರ ಪುನರುತ್ಥಾನಕ್ಕೆ ಅದರಿಂದ ಕೊರತೆಯಾಗಲಿಲ್ಲ. ಅಂತ್ಯಕ್ರಿಯೆಯ ವೈಭವ ಬದುಕಿರುವವರ ಸಮಾಧಾನಕ್ಕೆ. ಆದರೂ ದೇಹವನ್ನು ತಾತ್ಸಾರ ಮಾಡಲಾಗದು. ತಂದೆಯ ಬಟ್ಟೆಯನ್ನೂ ಉಂಗುರವನ್ನೂ ಮಕ್ಕಳು ಜೋಪಾನವಾಗಿಟ್ಟುಕೊಳ್ಳುವುದಾದರೆ, ಬಟ್ಟೆಗಿಂತ ಹತ್ತಿರವಾಗಿದ್ದ ದೇಹವನ್ನು ಬಿಸುಡುವುದೆಂತು? ತಾಯಿ ಆ ಜಾಗವನ್ನು ನೆನೆದಾಗ ಮಗನಿಗಾಗಿ ಪ್ರಾರ್ಥಿಸುತ್ತಾಳೆ. ಫಲ ಆ ಪ್ರಾರ್ಥನೆಯದು.

ಇದು ಮೂಳೆಯ ಮಹಿಮೆಯನ್ನು ಕುಗ್ಗಿಸಿದಂತೆ ಕಾಣುತ್ತದೆ. ವಾಸ್ತವವಾಗಿ ಅದನ್ನು ಅದರ ಯೋಗ್ಯ ಸ್ಥಾನದಲ್ಲಿ ನಿಲ್ಲಿಸುತ್ತದೆ. 1563ರಲ್ಲಿ ಟ್ರೆಂಟ್ ಮಹಾಸಭೆ ಅವಶೇಷಗಳ ಗೌರವವನ್ನು ಸಮರ್ಥಿಸಿದಾಗ ಕೊಟ್ಟ ಕಾರಣ ಅವುಗಳಲ್ಲಿ ಏನೋ ಶಕ್ತಿ ಅಡಗಿದೆಯೆಂಬುದಲ್ಲ. ಈ ದೇಹಗಳು ಕ್ರಿಸ್ತರ ಜೀವಂತ ಅಂಗಗಳೂ ಪವಿತ್ರಾತ್ಮನ ಆಲಯಗಳೂ ಆಗಿದ್ದುವು, ಮುಂದೆ ಎಬ್ಬಿಸಲ್ಪಡುವುವು ಎಂಬುದು. ಅದೇ ತೀರ್ಪಿನಲ್ಲಿ ಮೂಢಾಚಾರವನ್ನೂ ಹಣದಾಸೆಯನ್ನೂ ದೂರಮಾಡಬೇಕೆಂಬ ಎಚ್ಚರಿಕೆಯೂ ಇದೆ. ನಮ್ಮ ಪುಸ್ತಿಕೆಗಳು ಅದನ್ನು ಉಲ್ಲೇಖಿಸುವುದು ಅಪರೂಪ. ರೋಮಿನ ಸುರಂಗಗಳ ಸಮಾಧಿಲೇಖಗಳಲ್ಲಿ ಹೂಳುವ ಕ್ರಿಯೆಗೆ ಬಳಸಿರುವ ಪದಕ್ಕೆ "ಇಡುಗಂಟಾಗಿ ಒಪ್ಪಿಸುವುದು" ಎಂಬ ಛಾಯೆಯುಂಟು. ಇಡುಗಂಟೆಂದರೆ ತಿರುಗಿ ಪಡೆಯತಕ್ಕದ್ದು. ಶವವನ್ನು ಕುರಿತು ಹೀಗೆ ಯೋಚಿಸಿದ ಜನ, ಗೂಡಿನಲ್ಲಿರುವವಳು ಅರಸುಮಗಳೋ ಅಗಸರವಳೋ ಎಂದು ಭೇದಮಾಡಲಿಲ್ಲ. ಹೀಗಿರುವಾಗ, ಹೆಂಚು ಯಾರದಾದರೂ ಆಗಲಿ, ಅದರ ಹಿಂದೆ ಇದ್ದದ್ದು ಶಾಂತಿ ಕೋರಿ ಒಪ್ಪಿಸಿದ ಒಂದು ದೇಹ. ಮರುಬಳಕೆಯ ವಾದವನ್ನೇ ಒಪ್ಪಿದರೂ, ಒಬ್ಬಳಿಗೆ ಬರೆದ "ನಿನಗೆ ಶಾಂತಿ" ಎಂಬ ಮಾತು ಇನ್ನೊಬ್ಬಳನ್ನು ಹದಿನೈದು ಶತಮಾನ ಕಾದಿತು.

ಈ ದೃಷ್ಟಿಯಿಂದ ನೋಡಿದಾಗ ನೆಲಮಾಳಿಗೆಯ ಪ್ರತಿಮೆಯ ಬಗ್ಗೆ ನಮಗೆ ಸಮಾಧಾನವಿಲ್ಲ. ನುಣುಪಾದ ಮುಖ, ನಿದ್ರೆಯ ಭಂಗಿ, ಮೈಮೇಲೆ ಅಂದವಾಗಿ ಚಿತ್ರಿಸಿದ ಗಾಯಗಳು. ಮುನ್ಯಾನೊದಲ್ಲಿಯೂ ಮೂಳೆಗಳನ್ನು ಬೊಂಬೆಯೊಳಗಿಟ್ಟು ಬಟ್ಟೆ ತೊಡಿಸಿದ್ದರು; ಅದರ ಮಾದರಿಯೇ ಲೋಕದಲ್ಲೆಲ್ಲ ಹರಡಿತು. ಸಾವನ್ನು ಮರೆಮಾಡುವ ಇಂಥ ಕಲೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ರುಚಿಯೇ ಹೊರತು ಕಥೋಲಿಕ ತತ್ತ್ವದ ಅಗತ್ಯವಲ್ಲ. ಕಣ್ಣು ಪ್ರತಿಮೆಯ ಮೇಲೆ ನಿಂತು, ಮೂಳೆಯ ಕಡೆಗೆ ಹೋಗುವುದೇ ಇಲ್ಲ. ನೆಲಮಾಳಿಗೆಗಿಂತ ಮೇಲಿನ ಗಾಜಿನ ಕಿಟಕಿಗಳು ನಿಷ್ಠುರವಾದ ಸತ್ಯವನ್ನು ಹೇಳುತ್ತವೆ. ಫ್ರಾನ್ಸಿನಲ್ಲಿ ತಯಾರಾದ ಆ ಬಣ್ಣಗಾಜುಗಳಲ್ಲಿ ಕ್ರಿಸ್ತರ ಜನನ, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನಗಳು ಚಿತ್ರಿತವಾಗಿವೆ. ಹುಟ್ಟು, ಊಟ, ನೋವು, ಸಾವು: ಎಲ್ಲವೂ ದೇಹದ ವ್ಯವಹಾರಗಳೇ. ದೀಕ್ಷಾಸ್ನಾನಕ್ಕೆ ನೀರು, ಬಲಿಪೂಜೆಗೆ ರೊಟ್ಟಿ ಮತ್ತು ದ್ರಾಕ್ಷಾರಸ, ರೋಗಿಯ ಹಣೆಗೆ ಎಣ್ಣೆ, ತಪಸ್ಸಿನ ಕಾಲದ ಮೊದಲ ಬುಧವಾರ ಹಣೆಗೆ ಬೂದಿ. ದೇಹವನ್ನು ಬಿಟ್ಟು ಕಥೋಲಿಕರ ಯಾವ ವಿಧಿಯೂ ನಡೆಯದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆಗೆ ಬಂದ ದುಬಾಯ್ ಪಾದ್ರಿಗಳು ಊರೂರು ತಿರುಗಿ ಸಿಡುಬಿಗೆ ದೇವಿ ಹಾಕುವ ಕೆಲಸಕ್ಕೆ ನಿಂತದ್ದನ್ನೂ, ಬೆಂಗಳೂರಿನ ಒಂದು ಆಸ್ಪತ್ರೆಗೆ ಫಿಲೋಮಿನಾ ಹೆಸರೇ ಇರುವುದನ್ನೂ ನಾವು ಇದೇ ಸಾಲಿನಲ್ಲಿಟ್ಟು ನೋಡುತ್ತೇವೆ.

ದಹನದ ವಿಷಯದಲ್ಲಿ ಮಾತ್ರ ಧರ್ಮಸಭೆ ತನ್ನ ಅಗಸ್ಟೀನರನ್ನು ಬಹುಕಾಲ ಮರೆತಿತ್ತೆನ್ನಬೇಕು. 1886ರಲ್ಲಿ ಅದು ಶವದಹನವನ್ನು ನಿಷೇಧಿಸಿತು. ಪುನರುತ್ಥಾನವನ್ನು ಅಲ್ಲಗಳೆಯಲೆಂದೇ ದಹನವನ್ನು ಬೋಧಿಸುತ್ತಿದ್ದವರು ಆಗ ಯೂರೋಪಿನಲ್ಲಿದ್ದರು. 1963ರಲ್ಲಿ ನಿಷೇಧ ಸಡಿಲಿತು. 2016ರ ಸೂಚನೆಯಲ್ಲಿ ದಹನಕ್ಕೆ ಒಪ್ಪಿಗೆಯಿದೆ, ಬೂದಿಯನ್ನು ನದಿಗೋ ಗಾಳಿಗೋ ಚೆಲ್ಲುವುದಕ್ಕೆ ಇಲ್ಲ; ಅದನ್ನು ಪವಿತ್ರ ಸ್ಥಳದಲ್ಲಿ ಇಡಬೇಕು. ಕಾವೇರಿಯ ದಡದಲ್ಲಿ ಬೆಳೆದ ನಮಗೆ ಈ ಕಟ್ಟಳೆ ಕಟುವಾಗಿ ತೋರಬಹುದು. ಅದರ ಹಿಂದಿನ ವಿಚಾರವಾದರೋ ಇಷ್ಟೇ: ಸತ್ತವನಿಗೆ ಒಂದು ಜಾಗವಿರಲಿ, ಅಲ್ಲಿ ಹೆಸರಿರಲಿ, ನೆನೆಯುವವರು ಅಲ್ಲಿಗೆ ಬರಲಿ.

ಹೆಸರಿನ ಮಾತು ಬಂದಾಗ ಶ್ರವಣಬೆಳಗೊಳದ ಚಂದ್ರಗಿರಿ ನೆನಪಾಗುತ್ತದೆ. ಅಲ್ಲಿಯ ಬಂಡೆಯ ಮೇಲೆ ಏಳನೆಯ ಶತಮಾನದಿಂದ ಈಚೆಗೆ ಸಲ್ಲೇಖನದಿಂದ ಮಡಿದ ಮುನಿಗಳ, ಕಂತಿಯರ ಹೆಸರುಗಳು ಸಾಲುಸಾಲಾಗಿವೆ. ವ್ರತವನ್ನು ನೋಂತ ಬಗೆಯನ್ನು ಬರೆದಿದ್ದಾರೆ. ಮೂಳೆಯನ್ನು ಯಾರೂ ಕಾದಿಡಲಿಲ್ಲ. ದೇಹವನ್ನು ಕಳಚಿದ್ದೇ ಅಲ್ಲಿ ಸಿದ್ಧಿ. ಚಂದ್ರಗಿರಿಯಲ್ಲಿ ಹೆಸರಿದೆ, ಅಸ್ಥಿಯಿಲ್ಲ. ಅಶೋಕರಸ್ತೆಯ ನೆಲಮಾಳಿಗೆಯಲ್ಲಿ ಅಸ್ಥಿಯಿದೆ, ಹೆಸರು ನಿಲ್ಲುವುದಿಲ್ಲ. ಎರಡರಲ್ಲಿ ಮೇಲು ಯಾವುದೆಂದು ತೂಗುವುದು ನಮ್ಮ ಕೆಲಸವಲ್ಲ. ಆದರೆ ದೇಹವನ್ನು ಕುರಿತ ಎರಡು ನಿಲುವುಗಳು ಎರಡು ಬಗೆಯ ಆಧಾರಗಳನ್ನು ಉಳಿಸಿಹೋಗುತ್ತವೆಂಬುದನ್ನು ಇತಿಹಾಸದ ವಿದ್ಯಾರ್ಥಿ ಗಮನಿಸಬೇಕು. ಹೆಸರನ್ನು ಬಯಸಿ ನೆಲಮಾಳಿಗೆಗೆ ಹೋದವರು ನಿರಾಶರಾಗುವುದು ಆ ಕಾರಣದಿಂದ.

ನಮ್ಮ ಅಜ್ಜಿಯವರ ಮಾತನ್ನೆತ್ತಿ ಬಿಟ್ಟಿದ್ದೆವು. ಅವರ ಕೊನೆಯ ಕಾಯಿಲೆಯಲ್ಲಿ, ಕಾಲೇಜು ವಿದ್ಯೆಯ ಮದದಿಂದ, ನಾವು ಮಾರುಕಿಯವರ ವಾದವನ್ನು ಅವರಿಗೆ ವಿವರಿಸಿದ್ದುಂಟು. ಇಂದು ನೆನೆದರೆ ನಾಚಿಕೆಯಾಗುತ್ತದೆ. ಅವರು ಪೂರ್ತಿ ಕೇಳಿದರು. "ಹಾಗಾದರೆ ಆ ಮಗು ಯಾರದು ಮಗಾ? ಪಾಪ, ಹೆಸರು ಹಿಡಿದು ಕೂಗೋರೂ ಇಲ್ಲ" ಎಂದರು. ಅಂದಿನಿಂದ ಅವರ ಜಪದಲ್ಲಿ ಸಂತಳಿಗೆ ಸಲ್ಲಿಸುವ ಬೇಡಿಕೆಯ ಜೊತೆಗೆ, ಆ ಮಗುವಿಗಾಗಿ ಒಂದು ಪ್ರಾರ್ಥನೆಯೂ ಸೇರಿತು. ಪೌಲಿನಸರ ಪ್ರಶ್ನೆಯನ್ನಾಗಲಿ ಅಗಸ್ಟೀನರ ಉತ್ತರವನ್ನಾಗಲಿ ಅವರು ಕೇಳಿದವರಲ್ಲ. ನವೆಂಬರ್ 2ರ ಮೃತರ ದಿನ ನಾವು ಅವರ ಸಮಾಧಿಯನ್ನು ತೊಳೆದು ಹೂವಿಡುವಾಗ, ಕಲ್ಲಿನ ಮೇಲೆ ಕೆತ್ತಿದ ಹೆಸರನ್ನು ಈಗ ಬೇರೊಂದು ಎಚ್ಚರದಿಂದ ಓದುತ್ತೇವೆ.

ಕೊನೆಗೆ ಸಂಶೋಧನೆಗೆ ಸಂಬಂಧಿಸಿದ ಒಂದೆರಡು ಸೂಚನೆಗಳು. ಪುಸ್ತಿಕೆಗಳನ್ನು ಮತ್ತೆ ಅಚ್ಚುಹಾಕಿಸುವವರು 1802ರ ಶೋಧನೆಯನ್ನೂ 1833ರ ದರ್ಶನವನ್ನೂ ಬೇರೆಬೇರೆ ಅಧ್ಯಾಯಗಳಲ್ಲಿ, ಇಸವಿ ಸಮೇತ ಕೊಡಬೇಕು. 1904 ಮತ್ತು 1961ರ ಸಂಗತಿಗಳನ್ನು ಮುಚ್ಚಿಡಬಾರದು. ನೆಲಮಾಳಿಗೆಯಲ್ಲಿ ಮೂರು ಹೆಂಚುಗಳ ನಕಲು ಚಿತ್ರವೊಂದನ್ನು, ಅವು ದೊರೆತ ಕ್ರಮದಲ್ಲಿಯೇ, ಕನ್ನಡ ಅರ್ಥದೊಡನೆ ತೂಗುಹಾಕಿದರೆ ಪ್ರತಿಮೆಗಿಂತ ಹೆಚ್ಚು ತಿಳಿವಳಿಕೆ ಕೊಟ್ಟೀತು. ಬಹಿರಂಗ ಪೂಜೆಗೆ ಇಡುವ ಅವಶೇಷಕ್ಕೆ ಮುದ್ರೆಯೊತ್ತಿದ ಪ್ರಮಾಣಪತ್ರವಿರಬೇಕೆಂಬುದು ಧರ್ಮಸಭೆಯದೇ ಕಟ್ಟಳೆ. 1926ರಲ್ಲಿ ಪಿಸಾನಿಯವರಿಂದ ತಂಬೂಚೆಟ್ಟಿಯವರಿಗೆ ಬಂದ ಕಾಗದಪತ್ರಗಳನ್ನು ಕನ್ನಡಾನುವಾದದೊಡನೆ ಪ್ರಕಟಿಸಲು ಧರ್ಮಪ್ರಾಂತ್ಯದವರು ಅವಕಾಶ ಕೊಡುವುದಾದರೆ ಈ ಸಂಚಿಕೆಯ ಪುಟಗಳು ಅದಕ್ಕೆ ತೆರೆದಿರುತ್ತವೆ. ಓದಿ ಪ್ರತಿಮಾಡುವ ಕೆಲಸಕ್ಕೆ ಆ ವಿದ್ಯಾರ್ಥಿನಿ ಆಗಲೇ ಮುಂದೆ ಬಂದಿದ್ದಾಳೆ.